ಕಾರವಾರದ ಮೀನಿಗೆ ಈಜು ಕಲಿಸಿದ್ದು

ನನ್ನ ಗೆಳೆಯನೊಬ್ಬನಿದ್ದಾನೆ. ಭಾರತದ ಇಷ್ಟುದ್ದದ ಕರಾವಳಿಯಲ್ಲಿ ಅವನಷ್ಟು ಧೈರ್ಯವಂತ ನೌಕಾಧಿಕಾರಿ ಇನ್ನೊಬ್ಬನಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಯಾಕೆ ಅಂತೀರಾ? ಈಜು ಬರುವವರೆಲ್ಲ ನೌಕಾದಳ ಸೇರುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಈ ಪುಣ್ಯಾತ್ಮ ಈಜು ಬಾರದೆಯೇ ಸೇರಿದ್ದ!

ಅದೂ ಎಲ್ಲಿಯವನು? ಮರಳುಗಾಡಿನವನಲ್ಲ ಸ್ವಾಮಿ, ಕಾರವಾರದ ಕಡೆಯವನು. ಅಲೆಯ ಸದ್ದು ಕೇಳಿಕೊಂಡೇ ತೊಟ್ಟಿಲಲ್ಲಿ ಮಲಗಿದವನು. ಆದರೆ ಅವನದು ರೈತ ಮನೆತನ. ಸಮುದ್ರದ ಪಕ್ಕದಲ್ಲೇ ಹರಿವೆ, ಬೆಂಡೆ, ಗೆಣಸು ಬೆಳೆದು ಕಾರವಾರದ ಸಂತೆಗೆ ಹೊತ್ತು ಮಾರುವವರು. ಅವರ ಪಾಲಿಗೆ ಸಮುದ್ರವೆಂದರೆ ನೆರೆಮನೆಯವರ ಹಿತ್ತಿಲು. ದೂರದಿಂದ ನೋಡಬಹುದು, ಕೇಳದೆ ಒಳಗೆ ಕಾಲಿಡುವುದು ಮರ್ಯಾದೆಯಲ್ಲ. ಹಾಗಾದರೆ ಹಬ್ಬದ ದಿನ ಸಮುದ್ರಸ್ನಾನ ಮಾಡಲೇಬೇಕಲ್ಲ, ಆಗೇನು ಮಾಡುತ್ತಿದ್ದರು? ಅವನ ಆಯಿ ಮಗನನ್ನು ಒಣಮರಳಿನ ಮೇಲೆ ನಿಲ್ಲಿಸಿ, ತಾನೇ ಅಲೆಯ ಅಂಚಿಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವನ ತಲೆಗೆ ಹೊಯ್ಯುತ್ತಿದ್ದಳಂತೆ. ಇಡೀ ಅರಬ್ಬಿ ಸಮುದ್ರ ಎದುರಿಗೆ ಬಿದ್ದುಕೊಂಡಿರುವಾಗ ಚೊಂಬಿನ ಸ್ನಾನ! ಪುಣ್ಯವೂ ಬಂತು, ನೆಗಡಿಯೂ ಆಗಲಿಲ್ಲ ಎಂದು ಅವನು ಈಗಲೂ ಹೆಮ್ಮೆಯಿಂದ ಹೇಳುತ್ತಾನೆ.

ನಾನು ಅಂಕೋಲೆಯವನು. ಅಪ್ಪ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಸೋದರಮಾವನ ಮನೆ ಸುಂಕಸಾಳದಲ್ಲಿ ಇದ್ದುದರಿಂದ ಪ್ರತಿ ಬೇಸಿಗೆ ರಜೆಯಲ್ಲೂ ಗಂಗಾವಳಿ ಹೊಳೆಯಲ್ಲಿ ಎಮ್ಮೆಗಳ ಜೊತೆ ಬಿದ್ದಿರುತ್ತಿದ್ದೆ. ಹಾಗಾಗಿ ಈಜು ನನಗೆ ಕಲಿಯದೆಯೇ ಬಂದಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ, ಮನೆಗೆ ಮಾತಾಡಲು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ ಅದು. ಗೋವೆಯ ಅಕಾಡೆಮಿಯಲ್ಲಿ ನೌಕಾಧಿಕಾರಿಯ ತರಬೇತಿಗೆಂದು ಹೋದಾಗ ನನಗೆ ಸಿಕ್ಕ ಕೋಣೆಯಲ್ಲಿ ಇವನು ಆಗಲೇ ಬಂದು ಕೂತು ಅವಲಕ್ಕಿ ತಿನ್ನುತ್ತಿದ್ದ. "ಅಂಕೋಲೆಯವ್ನಾ? ಅಯ್ಯೋ, ನಮ್ಮದು ತೋಡೂರು! ಬಾ ಬಾ, ಕೂತ್ಕ, ಅವಲಕ್ಕಿ ತಿನ್ನು" ಎಂದು ತನ್ನ ಮನೆಗೆ ಬಂದ ನೆಂಟನನ್ನು ಕರೆದಂತೆ ಕರೆದ.

ಮೊದಲ ಸಂಜೆ ಪರಿಚಯದ ಕಾರ್ಯಕ್ರಮ. ಗಿರಿಜಾ ಮೀಸೆಯ ಅಧಿಕಾರಿಯೊಬ್ಬರು ಒಬ್ಬೊಬ್ಬರನ್ನೇ ನಿಲ್ಲಿಸಿ ಊರು ಕೇಳುತ್ತ ಬಂದರು. ಇವನ ಸರದಿ ಬಂತು.

"ಕಾರವಾರ? ವಾಹ್! ಏನು ಸಮುದ್ರ, ಏನು ಬೀಚು! ಹಾಗಾದರೆ ನೀನು ಮೀನೇ ಅನ್ನು!"

"ಯೆಸ್ ಸರ್!" ಎಂದು ಇವನು ಗೋಡೆ ಅದುರುವಂತೆ ಕೂಗಿದ.

ಅಧಿಕಾರಿಗೆ ಎಷ್ಟು ಸಂತೋಷವಾಯಿತೆಂದರೆ, ನಿಂತ ನಿಲುವಿನಲ್ಲೇ ಇವನನ್ನು ನಮ್ಮ ತುಕಡಿಯ ವಾಟರ್‌ಪೋಲೋ ತಂಡಕ್ಕೆ ಕ್ಯಾಪ್ಟನ್ ಮಾಡಿಬಿಟ್ಟರು! ವಾಟರ್‌ಪೋಲೋ ಎಂದರೆ ನೀರಿನಲ್ಲಿ ಈಜುತ್ತ ಚೆಂಡಾಡುವ ಆಟ. ಕೋಣೆಗೆ ಬಂದ ಮೇಲೆ ಇವನು ನನ್ನ ಕಿವಿಯಲ್ಲಿ ಕೇಳಿದ, "ಆ ಪೋಲೋ ಅಂದ್ರೆ ಕುದುರೆ ಮೇಲೆ ಕೂತು ಆಡೂದಲ್ವ? ನೀರಲ್ಲಿ ಕುದುರೆ ಎಂತಾ ಮಾಡ್ತದೆ ಮಾರಾಯ?"

"ನಿಂಗೆ ಈಜು ಬರ್ತದೆ ಹೌದಾ ಇಲ್ವಾ?"

"ಇಲ್ಲ."

"ಮತ್ತೆ ಯೆಸ್ ಸರ್ ಅಂದ್ಯಲ್ಲೋ!"

"ಅಲ್ವೋ, ಅಷ್ಟು ಜನರ ಎದ್ರಿಗೆ ಕಾರವಾರದ ಮರ್ಯಾದೆ ಕಳೂಕಾಗ್ತದ್ಯಾ? ಪಂಜಾಬಿನವ್ರೆಲ್ಲ ಕೂತ್ಕಂಡಿದ್ರು!"

"ಕಾರವಾರದವ್ರಿಗೆ ಈಜು ಬರ್ತದೆ. ನಿಂಗೆ ಬರೂದಿಲ್ಲ!"

"ಅದು ನಮ್ಮ ನಮ್ಮ ಒಳಗಿನ ವಿಷ್ಯ" ಎಂದು ಮಗ್ಗುಲಾದ.

ಅದೃಷ್ಟಕ್ಕೆ ಈಜುಕೊಳದ ದುರಸ್ತಿ ನಡೆದಿತ್ತು. ಆ ಕೆಲವು ದಿನ ನಮ್ಮ ಕ್ಯಾಪ್ಟನ್ನನ ವೈಭವವನ್ನು ನೀವು ನೋಡಬೇಕಿತ್ತು! ತಂಡವನ್ನು ಹುಲ್ಲಿನ ಮೈದಾನದ ಮೇಲೆ ನಿಲ್ಲಿಸಿ, ಎಲ್ಲರ ಕೈ ಮೇಲೆತ್ತಿಸಿ, "ನೀನು ಎಡಕ್ಕೆ ಈಜು, ನೀನು ಮುಳುಗಿ ಬಾ" ಎಂದು ಆಜ್ಞೆ ಕೊಡುತ್ತಿದ್ದ. ಬಿಹಾರದವನೊಬ್ಬ ನಿಜಕ್ಕೂ ಹುಲ್ಲಿನ ಮೇಲೆ ಬಿದ್ದು ಮುಳುಗಿ ಎದ್ದ. ದಾರಿಯಲ್ಲಿ ಹೋಗುತ್ತಿದ್ದ ಅಧಿಕಾರಿಗಳು ನಿಂತು ನೋಡಿ ತಲೆದೂಗಿ ಹೋದರು. ಅಷ್ಟು ಶಿಸ್ತಿನ ತಂಡ ಆ ಮೈದಾನದಲ್ಲಿ ಹಿಂದೆಂದೂ ಒಣಗಿರಲಿಲ್ಲ.

ಕೊಳಕ್ಕೆ ನೀರು ತುಂಬಿತು. ಈಜು ಕಲಿಸುವ ಚೀಫ್ ಹರಿಯಾಣದವರು. ಉದ್ದನೆಯ ಬಿದಿರಿನ ಗಳು ಹಿಡಿದು ನಿಂತು, ಎತ್ತರದ ಹಲಗೆಯ ಮೇಲಿಂದ ಮೊದಲು ಕ್ಯಾಪ್ಟನ್ ಹಾರಲಿ ಎಂದರು. ಈಗಲಾದರೂ ಸತ್ಯ ಹೇಳುತ್ತಾನೆ ಎಂದು ನಾನು ಕಾದೆ. ಇವನು ಏಣಿ ಹತ್ತಿದ. ಮೇಲೆ ನಿಂತು ಸಮುದ್ರದ ದಿಕ್ಕಿಗೆ ಕೈಮುಗಿದ. ಹಾರಿದ! ಬಹಳ ಚೆಂದವಾಗಿಯೇ ಹಾರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯಿತು. ಇವನು ಮೇಲೆ ಬರಲಿಲ್ಲ. ಚೀಫ್ ಗಳುವನ್ನು ನೀರಿಗೆ ಇಳಿಸಿ ತಡಕಾಡಿ ಎಳೆದರೆ ಅದರ ತುದಿಗೆ ಕಾರವಾರದ ಮೀನು ನೇತಾಡುತ್ತಿತ್ತು.

ಕುಡಿದ ನೀರನ್ನೆಲ್ಲ ಕಕ್ಕಿ, ಉಸಿರು ಬಂದ ಕೂಡಲೇ ಎದ್ದು ನಿಂತು ಸೆಟೆದು ಹೇಳಿದ: "ಸರ್, ನಮ್ಮಲ್ಲಿ ಉಪ್ಪುನೀರು. ಅದು ಮನುಷ್ಯನನ್ನು ತಾನೇ ಎತ್ತಿ ಹಿಡಿಯುತ್ತದೆ. ಈ ಸಿಹಿನೀರು ಸರಿಯಿಲ್ಲ ಸರ್!"

ಚೀಫ್ ಗಂಭೀರವಾಗಿ ಯೋಚಿಸಿ, "ಹೌದಾ? ಹಾಗಾದರೆ ನಾಳೆ ಬೆಳಿಗ್ಗೆ ನಿನ್ನನ್ನು ಸಮುದ್ರಕ್ಕೇ ಎಸೆಯೋಣ" ಎಂದರು.

ಗುಟ್ಟು ರಟ್ಟಾಯಿತು. ಕ್ಯಾಪ್ಟನ್‌ಗಿರಿ ಹೋಯಿತು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವಧಿಯ ಕೊನೆಗೆ ಈಜಿನ ಪರೀಕ್ಷೆಯಿತ್ತು. ಹಲಗೆಯಿಂದ ಹಾರಿ, ನಡುವೆ ಎಲ್ಲೂ ಗೋಡೆ ಹಿಡಿಯದೆ ಕೊಳದ ಆಚೆ ತುದಿಗೆ ಹೋಗಿ ತಿರುಗಿ ಬರಬೇಕು. ಬಾರದವನು ಒಂದು ಅವಧಿ ಹಿಂದಕ್ಕೆ. ಮತ್ತೂ ಬಾರದಿದ್ದರೆ ಟ್ರಂಕು ಹೊತ್ತು ಮನೆಗೆ. ಇದನ್ನು ಕೇಳಿದಾಗ ಮಾತ್ರ ಅವನ ಮುಖ ಬಾಡಿತು. "ಎಂತಕ್ಕೆ ಹಾರಿದ್ಯೋ, ಸಾಯ್ತಿದ್ಯಲ್ಲ!" ಎಂದು ನಾನು ಬೈದರೆ, "ಹಾರು ಅಂದ್ರು, ಹಾರ್ದೆ. ಈಜೂದು ಅದ್ರ ಮುಂದಿನ ಪಾಠ ಅಂದ್ಕಂಡಿದ್ದೆ" ಎಂದ. ಆಮೇಲೆ ತನ್ನಷ್ಟಕ್ಕೇ ಗೊಣಗಿಕೊಂಡ: "ಹಡಗಿನ ಮೇಲೆ ಇರೂ ಕೆಲ್ಸಕ್ಕೆ ಈಜು ಎಂತಕ್ಕೆ? ಬಸ್ ಡ್ರೈವರಿಗೆ ಓಡೂಕೆ ಬರ್ತದ್ಯಾ ಅಂತ ಯಾರಾದ್ರೂ ಕೇಳ್ತಾರ್ಯಾ?"

ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಬೇಡವೆ? ನಾವಿರುವ ಬರಾಕಿನ ಹಿಂದೆ ಗುಂಡಿ ತೋಡಿ, ತೋಡಿದ್ದನ್ನು ಮುಚ್ಚುವುದು. ಬೇರೆಯವರು ಈ ಶಿಕ್ಷೆಗೆ ಅಳುತ್ತಿದ್ದರು. ಇವನು ಮೊದಲ ದಿನವೇ ಮಣ್ಣು ಕೈಯಲ್ಲಿ ಹಿಡಿದು ಮೂಸಿ, "ಎಷ್ಟು ಚಲೋ ಮಣ್ಣು ಮಾರಾಯ, ಸುಮ್ನೆ ಹಾಳು ಬಿಟ್ಟಾರೆ!" ಎಂದ. ಆಯಿ ಯಾರದೋ ಕೈಯಲ್ಲಿ ಕಳಿಸಿದ ಬೀಜಗಳನ್ನು ಗುಂಡಿ ಮುಚ್ಚಿದ ಮೇಲೆ ಸಡಿಲ ಮಣ್ಣಿನಲ್ಲಿ ಉದುರಿಸಿಬಿಟ್ಟ. ಕೆಲವೇ ವಾರಗಳಲ್ಲಿ ಬರಾಕಿನ ಹಿಂದೆ ಕೆಂಪು ಹರಿವೆ ಮೊಳಕಾಲೆತ್ತರ! ತಪಾಸಣೆಗೆ ಬಂದ ಮೀಸೆಯ ಅಧಿಕಾರಿ ಕೆಂಡಾಮಂಡಲವಾಗಿ, ಅಪ್ಪಣೆಯಿಲ್ಲದೆ ಬೆಳೆ ಬೆಳೆದ ತಪ್ಪಿಗೆ ಇನ್ನಷ್ಟು ಅಗೆಯುವ ಶಿಕ್ಷೆ ಕೊಟ್ಟರು. "ಥ್ಯಾಂಕ್ ಯೂ ಸರ್! ಬೆಂಡೆಗೆ ಜಾಗ ಸಾಲದೆ ಬಂದಿತ್ತು" ಎಂದ ಇವನು. ಅಧಿಕಾರಿ ಆ ಕಡೆ ಮತ್ತೆ ಬರಲಿಲ್ಲ. ಸೊಪ್ಪು ಮಾತ್ರ ಅವರ ಮನೆಯ ಅಡುಗೆಮನೆಗೆ ತಪ್ಪದೆ ಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು.

ಇನ್ನು ನನ್ನ ಸಂಗತಿ. ಈಜು ಬಂದರೇನು, ನನಗೆ ಬೇರೇನೂ ಬರುತ್ತಿರಲಿಲ್ಲ. ನಾನು ಸುತ್ತಿದ ಹಾಸಿಗೆಯನ್ನು ದಿನವೂ ಕಿಟಕಿಯಿಂದ ಆಚೆ ಎಸೆಯುತ್ತಿದ್ದರು. ನನ್ನ ಬೂಟಿನಲ್ಲಿ ಮುಖ ಕಾಣಬೇಕಂತೆ, ಬೂಟೇ ಸರಿಯಾಗಿ ಕಾಣುತ್ತಿರಲಿಲ್ಲ. ಬಂದೂಕು ತಲೆಯ ಮೇಲೆ ಹಿಡಿದು ಓಡುವಾಗ ಅಮ್ಮ ಮಾಡುವ ಕೊಟ್ಟೆ ರೊಟ್ಟಿ ನೆನಪಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಹಾಸಿಗೆ ಸುತ್ತುವುದು, ಬೂಟು ಉಜ್ಜುವುದು ಎರಡನ್ನೂ ಇವನೇ ಮಾಡತೊಡಗಿದ್ದ. ಆದರೂ ಒಂದು ಭಾನುವಾರ ಮಧ್ಯಾಹ್ನ ನನಗೆ ಸಾಕೆನಿಸಿತು. ಟ್ರಂಕಿಗೆ ಬಟ್ಟೆ ತುಂಬಿ, ಹರಿವೆಗೆ ನೀರು ಹಾಕುತ್ತಿದ್ದ ಇವನ ಬಳಿಗೆ ಹೋಗಿ, ಬಿಟ್ಟು ಹೋಗುತ್ತೇನೆ ಎಂದೆ. ಬೇಡವೆನ್ನುತ್ತಾನೆ, ಕೈಹಿಡಿಯುತ್ತಾನೆ ಎಂದುಕೊಂಡಿದ್ದೆ.

"ಹೋಗು. ಆದ್ರೆ ಮುಯ್ಯಿ ತೀರ್ಸಿ ಹೋಗು" ಎಂದ.

"ಎಂತಾ ಮುಯ್ಯಿ?"

"ಇಷ್ಟು ದಿನ ನಿನ್ನ ಗದ್ದೆಲಿ ನಾ ಕೆಲ್ಸ ಮಾಡಿದ್ನಲ್ಲ? ಹಾಸ್ಗೆ, ಬೂಟು ಎಲ್ಲ. ನನ್ನ ಗದ್ದೆಗೆ ನೀ ಇನ್ನೂ ಕಾಲೇ ಇಡಲಿಲ್ಲ. ಈಜು ಕಲ್ಸು. ಆಮೇಲೆ ಸೀದಾ ಅಂಕೋಲೆ ಬಸ್ ಹತ್ತು."

ಅವರ ಊರಿನಲ್ಲಿ ನಾಟಿಯ ಹೊತ್ತಿಗೆ ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ. ಆದರೆ ಬಾರದೆ ತಪ್ಪಿಸಿಕೊಂಡವನಿಗೆ ಊರಿನಲ್ಲಿ ಮುಖವಿಲ್ಲ. ಅಕಾಡೆಮಿಯ ಎಲ್ಲ ವ್ಯವಹಾರವನ್ನೂ ಇವನು ಇದೇ ತಕ್ಕಡಿಯಲ್ಲಿ ತೂಗುತ್ತಿದ್ದ. ಪಂಜಾಬಿನವನು ಗಣಿತ ಹೇಳಿಕೊಟ್ಟರೆ ಇವನು ಅವನ ಪೇಟದ ಬಟ್ಟೆಯ ತುದಿ ಹಿಡಿದು ನಿಲ್ಲುತ್ತಿದ್ದ. ನಾನು ಯೋಚಿಸಿದೆ. ಋಣ ಯಾಕೆ ಇಟ್ಟುಕೊಳ್ಳಬೇಕು, ಒಂದು ವಾರದಲ್ಲಿ ಕಲಿಸಿ ಹೊರಟರಾಯಿತು ಎಂದು ಬಟ್ಟೆಯನ್ನು ಟ್ರಂಕಿನಿಂದ ಹೊರಗೆ ತೆಗೆದೆ.

ಒಂದು ವಾರ! ಅವನು ನೀರಿಗಿಳಿದರೆ ಕಬ್ಬಿಣದ ತುಂಡು ಕೂಡ ನಾಚಬೇಕಿತ್ತು. ಹೊಟ್ಟೆಗೆ ಕೈಕೊಟ್ಟು ಹಿಡಿದರೆ ಎರಡೂ ಕೈಯಿಂದ ನನ್ನ ಕುತ್ತಿಗೆ ತಬ್ಬಿಕೊಂಡು "ಬಿಡಬೇಡ್ವೋ ಮಾರಾಯ" ಎನ್ನುತ್ತಿದ್ದ. ಒಟ್ಟಿನಲ್ಲಿ ಎರಡು ಸಲ ನಾನೂ ಮುಳುಗಿದೆ. ವಾರಗಳು ಹೋದವು. ಅವನಿಗೆ ತೇಲಲು ಬರಲಿಲ್ಲ. ಆದರೆ ಈ ಗಡಿಬಿಡಿಯಲ್ಲಿ ನನಗೆ ಹಾಸಿಗೆ ಸುತ್ತಲು ಬಂತು, ಬೂಟಿನಲ್ಲಿ ಮುಖ ಕಂಡಿತು, ಓಟದಲ್ಲಿ ಕೊನೆಯವನಾಗಿದ್ದ ನಾನು ನಡುವಿನವನಾದೆ. ಬಿಟ್ಟು ಹೋಗುವುದು ಮರೆತೇಹೋಯಿತು!

ನಡುವೆ ಹೋಳಿಯ ಹೊತ್ತಿಗೆ ಚಿಕ್ಕ ರಜೆ ಸಿಕ್ಕಿತು. ಸಮುದ್ರದಲ್ಲಿ ಕಲಿಯೋಣವೆಂದರೆ ಇವನು ಸುತರಾಂ ಒಪ್ಪಲಿಲ್ಲ. ಕಾರವಾರದವರು ನೋಡಿಬಿಟ್ಟರೆ? ಹಾಗಾಗಿ ನಮ್ಮ ಮಾವನ ಊರು ಸುಂಕಸಾಳದ ಹೊಳೆಯೇ ಗತಿಯಾಯಿತು. ದಿನವೂ ಇವನು ತೋಡೂರಿನಿಂದ ಬಸ್ಸು ಹಿಡಿದು ಅಂಕೋಲೆ ದಾಟಿ ಬಾಳೆಗುಳಿಗೆ ಬರುವುದು, ಅಲ್ಲಿ ನಾನು ಸೇರಿಕೊಳ್ಳುವುದು, ಯಲ್ಲಾಪುರದ ಬಸ್ಸು ಹತ್ತಿ ಹೊಳೆಗೆ ಹೋಗುವುದು. ಎರಡನೆಯ ದಿನವೇ ಬಾಳೆಗುಳಿಯ ಚಾ ಅಂಗಡಿಯಲ್ಲಿ ಅವನ ದೂರದ ಅತ್ತೆಯೊಬ್ಬಳು ಎದುರಾಗಿಬಿಟ್ಟಳು.

"ಎಲ್ಲಿಗೆ ಹೊರಟ್ಯೋ ತಮಾ, ಹೀಂಗೆ ತಲೆ ಬಾಚ್ಕಂಡು?"

ಈಜು ಕಲಿಯಲು ಎನ್ನುವುದುಂಟೆ? "ಸುಂಕಸಾಳಕ್ಕೆ, ಹುಡ್ಗಿ ನೋಡೂಕೆ" ಎಂದುಬಿಟ್ಟ.

ಅತ್ತೆಯ ಬಸ್ಸು ನಮ್ಮ ಬಸ್ಸಿಗಿಂತ ವೇಗದ್ದು. ಸಂಜೆ ಅವನ ಜೊತೆ ನಾನೂ ತೋಡೂರಿಗೆ ಹೋದರೆ ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದ ತುಂಬ ನಗು. "ಹೆಂಗದೆ? ನನ್ನ ಹತ್ರ ಮುಚ್ಚಿಡಬೇಡ. ಹೆಂಗದೆ?"

ಇವನು ದಿನವಿಡೀ ನೀರು ಕುಡಿದು ಮಂಕಾಗಿದ್ದ. "ಸ್ವಲ್ಪ ತಂಪು, ಆಯಿ. ಆದ್ರೆ ಆಳ ಭಾಳ" ಎಂದ.

ಆಯಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು. ಊಟಕ್ಕೆ ಕೂತಾಗ ನಾನು ಅವಳು ಬಡಿಸಿದ ಬಂಗಡೆ ಸಾರಿನಲ್ಲಿ ಮುಖ ಹುದುಗಿಸಿದೆ. ಈಜಿನ ವಿಷಯ ಅವಳಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮಗ ನೀರಿಗೆ ಇಳಿಯುತ್ತಾನೆಂದು ಗೊತ್ತಾದರೆ ಅವಳು ಅಕಾಡೆಮಿಯ ಗೇಟಿಗೇ ಬಂದು ಕರೆದುಕೊಂಡು ಹೋಗುವವಳು.

ಮರುದಿನ ಹೊಳೆಯ ಬಂಡೆಯ ಮೇಲೆ ನಡುಗುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ನಿಂಗೆ ಮಣ್ಣಂದ್ರೆ ಜೀವ. ನೀರಂದ್ರೆ ಪ್ರಾಣ ಹೋಗ್ತದೆ. ಕೃಷಿ ಇಲಾಖೆ ಸೇರ್ಕಂಬುದು ಬಿಟ್ಟು ಇಲ್ಲಿಗೆ ಎಂತಕ್ಕೆ ಬಂದ್ಯೋ?"

ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವನು ನಗಲಿಲ್ಲ. ತೋಡೂರು ಅವರ ಮೂಲ ಊರಲ್ಲ ಎಂಬುದು ನನಗೆ ಗೊತ್ತಿತ್ತು. ಅವನು ಹೈಸ್ಕೂಲಿನಲ್ಲಿದ್ದಾಗ ನೌಕಾನೆಲೆಗೆಂದು ಅವರ ಹಳೆಯ ಊರನ್ನು ಬಿಡಬೇಕಾಗಿ ಬಂದಿತ್ತು. ಆ ಕಡೆಯ ಎಷ್ಟೋ ಮನೆಗಳ ಕತೆ ಅದು. ಹರಿವೆ ಬೆಳೆಯುತ್ತಿದ್ದ ಜಾಗ, ಬಾವಿ, ಮುಂದಿನ ಮರಳದಂಡೆ ಎಲ್ಲ ಈಗ ಗೋಡೆಯ ಒಳಗೆ.

"ಆಯಿ ಸಂತೆಗೆ ಹೋಗುವಾಗ ಬಸ್ಸಲ್ಲಿ ಆ ಬದಿಗೇ ಕೂತ್ಕಳ್ತದೆ. ಗೋಡೆ ಬಿಟ್ರೆ ಎಂತಾ ಕಾಣೂದಿಲ್ಲ. ಆದ್ರೂ ನೋಡ್ತದೆ. ಒಂದ್ಸಲ ಅಲ್ಲಿ ಹೋಗಿ ನಿಲ್ಬೇಕು ಅಂತದೆ, ಅಷ್ಟೇ" ಎಂದ. ತಲೆಯ ನೀರು ಒರೆಸಿಕೊಂಡು ಹೇಳಿದ, "ಆ ಗೇಟಿನ ಒಳಗೆ ಆಯಿನ ಕರ್ಕಂಡು ಹೋಗೂಕೆ ನಂಗೆ ಕಂಡದ್ದು ಒಂದೇ ದಾರಿ. ಗೇಟಲ್ಲಿ ನಿಂತವ ನಂಗೆ ಸೆಲ್ಯೂಟ್ ಹೊಡೀಬೇಕು."

ನಾವೆಲ್ಲ ದೇಶಸೇವೆ, ಸಾಹಸ, ಬಿಳಿ ಸಮವಸ್ತ್ರ ಎಂದೆಲ್ಲ ಸಂದರ್ಶನದಲ್ಲಿ ಬಡಬಡಿಸಿ ಬಂದವರು. ಇವನು ಬಂದದ್ದು ತಾಯಿಯನ್ನು ಹಳೆಯ ಹಿತ್ತಿಲಿಗೆ ಕರೆದೊಯ್ಯಲು! ನಾನು ಎದ್ದು ಅವನನ್ನು ಬಂಡೆಯ ಮೇಲಿಂದ ನೀರಿಗೆ ದೂಡಿದೆ. ಅವನು ಕೈಕಾಲು ಬಡಿದ, ಬೈದ, ಮುಳುಗಿದ, ಎದ್ದ, ಮತ್ತೆ ಬೈದ. ಬೈಯುತ್ತಿದ್ದಾನೆ ಎಂದರೆ ತಲೆ ನೀರಿನ ಮೇಲಿದೆ ಎಂದರ್ಥ ಎಂಬುದು ಇಬ್ಬರಿಗೂ ಹೊಳೆದದ್ದು ಸ್ವಲ್ಪ ತಡವಾಗಿ. ಅವನು ತೇಲುತ್ತಿದ್ದ!

ಪರೀಕ್ಷೆಯ ದಿನ ಚೀಫ್ ಬಿದಿರಿನ ಗಳು ಹಿಡಿದು ಅವನ ಜೊತೆಜೊತೆಗೇ ದಂಡೆಯ ಮೇಲೆ ನಡೆಯಲು ಸಿದ್ಧರಾಗಿ ನಿಂತರು. ಹಾರಿದ. ಈ ಸಲ ಮೇಲೆ ಬಂದ. ಆಮೇಲೆ ಶುರುವಾಯಿತು ನೋಡಿ ಅವನ ಈಜು. ಅದು ಯಾವ ಪುಸ್ತಕದಲ್ಲೂ ಇಲ್ಲದ ಶೈಲಿ. ಎರಡೂ ಕೈಯನ್ನು ತಲೆಯ ಮೇಲೆತ್ತಿ ಗುದ್ದಲಿ ಹಾಕಿದಂತೆ ನೀರಿಗೆ ಹಾಕುವುದು, ಎಳೆಯುವುದು, ದೊಡ್ಡದಾಗಿ ಉಸಿರು ಬಿಡುವುದು. ಜೊತೆಗೆ ಹಾರಿದವರು ಮುಗಿಸಿ ಮೈ ಒರೆಸಿಕೊಂಡರು. ಇವನು ಇನ್ನೂ ಹೋಗುತ್ತಲೇ ಇದ್ದ. ಊಟದ ಗಂಟೆ ಹೊಡೆಯಿತು. ಇವನು ಆಚೆ ತುದಿಯಿಂದ ತಿರುಗಿದ್ದನಷ್ಟೇ. ನಡುವೆ ಒಮ್ಮೆ ತಲೆ ಕೆಳಗೆ ಹೋಯಿತು. ಚೀಫ್ ಬಿದಿರಿನ ಗಳು ಚಾಚಿದರು. ಅದನ್ನು ಮುಟ್ಟಿದರೆ ಎಲ್ಲ ಮುಗಿದಂತೆ. "ಮುಟ್ಟಬೇಡ್ವೋ! ಬೈಯಿ, ಬೈಯಿ!" ಎಂದು ನಾನು ದಂಡೆಯಿಂದ ಕಿರುಚಿದೆ. ತಲೆ ಮೇಲೆ ಬಂತು. ನನ್ನ ವಂಶದವರನ್ನೆಲ್ಲ ಶುದ್ಧ ಕಾರವಾರದ ಭಾಷೆಯಲ್ಲಿ ಬೈಯುತ್ತಲೇ ಬಂದು ಗೋಡೆ ಮುಟ್ಟಿದ. ಊಟ ಬಿಟ್ಟು ನಿಂತಿದ್ದ ಇಡೀ ತುಕಡಿ ಕೂಗಾಡಿತು.

ಚೀಫ್ ಬಿದಿರನ್ನು ಕೆಳಗಿಟ್ಟು, "ಈಜುತ್ತಿದ್ದೀಯೋ ಹೊಲ ಅಗೆಯುತ್ತಿದ್ದೀಯೋ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಪಾಸ್!" ಎಂದರು.

ನಾವಿಬ್ಬರೂ ಅಧಿಕಾರಿಗಳಾದೆವು. ಬೇರೆ ಬೇರೆ ಹಡಗು, ಬೇರೆ ಬೇರೆ ಬಂದರು. ಕೆಲವು ವರ್ಷಗಳ ನಂತರ ಅವನಿಗೆ ಕಾರವಾರಕ್ಕೇ ವರ್ಗವಾಯಿತು. ರಜೆಯಲ್ಲಿ ಅಂಕೋಲೆಗೆ ಬಂದಿದ್ದ ನನಗೆ ಫೋನು ಬಂತು. "ನಾಳೆ ಬೆಳಿಗ್ಗೆ ಬಾ. ಆಯಿನ ಕರ್ಕಂಡು ಹೋಗ್ತೆ."

ಗೇಟಿನಲ್ಲಿದ್ದವನು ಸೆಲ್ಯೂಟ್ ಹೊಡೆದ. ಆಯಿ ಅವನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಸಂತೆಗೆ ಉಡುವ ಸೀರೆಯಲ್ಲ, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದಳು. ಒಳಗೆ ಅಗಲವಾದ ರಸ್ತೆ, ಹೊಸ ಕಟ್ಟಡಗಳು. ಎಲ್ಲಿ ಏನಿತ್ತೆಂದು ನಮಗಂತೂ ತಿಳಿಯದು. ಅವಳು ಮಾತ್ರ ಗುಡ್ಡದ ಕಡೆಗೊಮ್ಮೆ, ಸಮುದ್ರದ ಕಡೆಗೊಮ್ಮೆ ನೋಡುತ್ತ ಸೀದಾ ನಡೆದು ಒಂದು ಹುಲ್ಲುಹಾಸಿನ ಪಕ್ಕ ನಿಂತಳು. ಬಗ್ಗಿ ಹುಲ್ಲನ್ನು ಮುಟ್ಟಿ ನೋಡಿದಳು. "ನೀರು ಚಲೋ ಹಾಕ್ತಾರೆ. ಒಣಗೂಕೆ ಬಿಡಲಿಲ್ಲ" ಎಂದು ಸಮಾಧಾನದಿಂದ ಹೇಳಿ ಮರಳದಂಡೆಯ ಕಡೆ ತಿರುಗಿದಳು.

ಅಲ್ಲಿ ಈ ಮಹಾಶಯ ಟೋಪಿ ತೆಗೆದು ಆಯಿಯ ಕೈಗೆ ಕೊಟ್ಟ. ಆಮೇಲೆ ಬಿಳಿ ಅಂಗಿ, ಬಿಳಿ ಪ್ಯಾಂಟು. ನಾನು ಗಾಬರಿಯಾದೆ. ಒಳಗೆ ಈಜುಚಡ್ಡಿ ಹಾಕಿಕೊಂಡೇ ಬಂದಿದ್ದ! "ಆಯಿ, ನೋಡು" ಎಂದವನೇ ಓಡಿಹೋಗಿ ಅಲೆಗೆ ಬಿದ್ದ. ಅದೇ ಗುದ್ದಲಿಯ ಶೈಲಿ. ಉಪ್ಪುನೀರು ನಿಜಕ್ಕೂ ಅವನನ್ನು ಎತ್ತಿ ಹಿಡಿದಿತ್ತು. ಅಲೆ ದಾಟಿ ಮುಂದೆ ಮುಂದೆ ಹೋದ.

ಆಯಿ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದವಳು ಇದ್ದಕ್ಕಿದ್ದಂತೆ ಕೂಗತೊಡಗಿದಳು. "ತಮಾ! ಸಾಕೋ! ಮನೆಗೆ ಬಾರೋ!"

"ಹೆದ್ರಬೇಡ ಆಯಿ, ಅವನಿಗೀಗ ಚೆನ್ನಾಗಿ ಬರ್ತದೆ. ತಿರುಗಿ ಬರ್ತಾನೆ" ಎಂದೆ.

"ಬರ್ತಾ ಅಂತ ನಂಗೊತ್ತದೆ" ಎಂದಳು, ಸಮುದ್ರದಿಂದ ಕಣ್ಣು ತೆಗೆಯದೆ. "ಇಲ್ಲಿ ನಿಂತ್ಕಂಡು ಅವ್ನ ಮನೆಗೆ ಕರೀದೆ ಎಷ್ಟು ವರ್ಷಾಯ್ತು. ಕರೀತೆ ಬಿಡು."

ಮತ್ತೆ ಕರೆದಳು. ಅವನು ದೂರದಿಂದ ಕೈ ಎತ್ತಿದ, ತಿರುಗಲಿಲ್ಲ. ಕೇಳಿದರೂ ಬೇಕೆಂದೇ ಅಲ್ಲೇ ಇದ್ದ. ಅವಳು ಇನ್ನಷ್ಟು ಸಲ ಕರೆಯಲಿ ಎಂದು ನಾನೂ ಸುಮ್ಮನೆ ಪಕ್ಕದಲ್ಲಿ ನಿಂತುಕೊಂಡೆ.